ಅರ್ಧ ಕ್ಯಾಮೆರಾ, ಪೂರ್ತಿ ತಲೆನೋವು

ಡಿಗ್ರಿ ಓದುತ್ತಿರುವ ಅಥವಾ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಒಂದು ಹುದ್ದೆ ಮಾತ್ರ ಕಾಯಂ. ಅರ್ಜಿ ಹಾಕಬೇಕಿಲ್ಲ, ಪರೀಕ್ಷೆ ಇಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಅದು ಇಡೀ ಬಳಗದ ಟೆಕ್ನಿಕಲ್ ಸಪೋರ್ಟ್ ಹುದ್ದೆ! ಅತ್ತೆಯ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ತೆರೆಯದಿದ್ದರೆ, ಮಾವನ ಗ್ಯಾಸ್ ಬುಕ್ ಆಗದಿದ್ದರೆ, ಪಕ್ಕದ ಮನೆಯವರ ಪಾನ್ ಕಾರ್ಡಿಗೆ ಆಧಾರ್ ಜೋಡಣೆಯಾಗದಿದ್ದರೆ ಕರೆ ಬರುವುದು ನಮಗೇ. ಈಚೆಗೆ ಆ ಪಟ್ಟಿಗೆ ಹೊಸದೊಂದು ಸೇರಿದೆ. ‘ಮನೆಗೊಂದು ಕ್ಯಾಮೆರಾ ಹಾಕಿಕೊಡು ಮಾರಾಯ. ಒಂದೂವರೆ ಸಾವಿರಕ್ಕೆಲ್ಲ ಸಿಗ್ತದಂತೆ ಅಲ್ವಾ?’

ಸಿಗುತ್ತದೆ, ಸುಳ್ಳಲ್ಲ. ಆನ್‌ಲೈನ್ ಅಂಗಡಿ ತೆರೆದರೆ ಒಂದರ ಹಿಂದೊಂದು ಸಾಲುಗಟ್ಟಿ ನಿಂತಿರುತ್ತವೆ. ಕೇಳುವವರ ಕಾರಣಗಳೂ ಹುಡುಗಾಟದವಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಉಳಿದಿರುವುದು ಅರವತ್ತು ದಾಟಿದ ಇಬ್ಬರೇ. ಅಂಗಳದಲ್ಲಿ ಒಣಹಾಕಿದ ಅಡಿಕೆ ಬೆಳಗಾಗುವುದರೊಳಗೆ ಕಾಣೆಯಾಗುತ್ತದೆ. ಪೇಟೆಯ ಬಾಡಿಗೆ ಮನೆಯ ಮುಂದೆ ನಿಲ್ಲಿಸಿದ ಬೈಕಿನ ಪೆಟ್ರೋಲ್ ಖಾಲಿಯಾಗುತ್ತದೆ. ಮೊದಲ ಸಂಬಳ ಎಣಿಸುತ್ತಿರುವ ಮಗನಿಗೋ ಮಗಳಿಗೋ ‘ಊರಲ್ಲಿ ಅಪ್ಪ-ಅಮ್ಮ ಹೇಗಿದ್ದಾರೋ’ ಎಂಬ ಚಿಂತೆಗೆ ಒಂದೂವರೆ ಸಾವಿರದ ಈ ಪುಟ್ಟ ಬಿಳಿ ಡಬ್ಬಿ ಉತ್ತರವಾಗಿ ಕಾಣುತ್ತದೆ.

ಕಳೆದ ಎರಡು ವರ್ಷಗಳಲ್ಲಿ ಬಂಧುಗಳದ್ದು, ನೆರೆಹೊರೆಯವರದ್ದು ಎಂದು ಏಳೆಂಟು ಮನೆಗಳಲ್ಲಿ ನಾನು ಇಂಥ ಕ್ಯಾಮೆರಾ ಕೂರಿಸಿದ್ದೇನೆ. ಕೆಲವು ಇವತ್ತಿಗೂ ಚೆನ್ನಾಗಿವೆ, ಕೆಲವು ಗೋಡೆಯ ಮೇಲೆ ಹಲ್ಲಿಗಳಿಗೆ ಮನೆಯಾಗಿವೆ. ಇಷ್ಟು ಓಡಾಟದಿಂದ ನನಗೆ ಅರ್ಥವಾದದ್ದು ಒಂದೇ. ಆ ಬೆಲೆಗೆ ನಮ್ಮ ಕೈಗೆ ಬರುವುದು ಅರ್ಧ ವಸ್ತು. ಮೆಮೊರಿ ಕಾರ್ಡ್, ಒಳ್ಳೆಯ ವೈಫೈ, ಕರೆಂಟ್ ಹೋದಾಗಿನ ವ್ಯವಸ್ಥೆ, ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರ್ – ಇವೆಲ್ಲ ಸೇರಿದರೇ ಅದು ಕ್ಯಾಮೆರಾ. ಆ ಇನ್ನರ್ಧ ಪೆಟ್ಟಿಗೆಯೊಳಗೆ ಇರುವುದಿಲ್ಲ, ಪೆಟ್ಟಿಗೆಯ ಮೇಲೆ ಅದರ ಸುದ್ದಿಯೂ ಇರುವುದಿಲ್ಲ. ನಮ್ಮ ಸಿಟ್ಟು, ಬೇಸರ, ರಿಟರ್ನ್, ಜಗಳ ಎಲ್ಲ ಹುಟ್ಟುವುದು ಅಲ್ಲಿಂದಲೇ.

ಮೆಗಾಪಿಕ್ಸೆಲ್ ಮಾಯೆ

ಮೊದಲ ಗೊಂದಲ ಹೆಸರುಗಳದ್ದು. ಒಂದು ಕಂಪನಿ ‘ಫುಲ್ ಎಚ್‌ಡಿ’ ಎನ್ನುತ್ತದೆ, ಇನ್ನೊಂದು ‘2ಕೆ’, ಮತ್ತೊಂದು ‘3ಕೆ’, ಮಗದೊಂದು ‘ಅಲ್ಟ್ರಾ ಎಚ್‌ಡಿ’. ಇವನ್ನು ಹೋಲಿಸಿ ನೋಡುವುದು ಹೇಗೆ? ಹೆಸರು ಬಿಟ್ಟು ಅಂಕಿ ನೋಡುವುದು. ಚಿತ್ರದ ಅಗಲ 1920, ಎತ್ತರ 1080 ಚುಕ್ಕಿಗಳಾದರೆ ಅದು ಸುಮಾರು 2 ಮೆಗಾಪಿಕ್ಸೆಲ್. 2304 ಮತ್ತು 1296 ಆದರೆ 3 ಮೆಗಾಪಿಕ್ಸೆಲ್. 2560 ಮತ್ತು 1440 ಆದರೆ ನಾಲ್ಕರ ಹತ್ತಿರ. ಈ ಅಂಕಿಯನ್ನೇ ಎಲ್ಲೂ ಬರೆಯದೆ ಬರೀ ದೊಡ್ಡ ಹೆಸರು ಹೇಳುವವರ ಸಹವಾಸ ಬೇಡ.

ಅಂಕಿ ದೊಡ್ಡದಾದ ಮಾತ್ರಕ್ಕೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂದೇನೂ ಇಲ್ಲ. ವಿಡಿಯೊವನ್ನು ಕುಗ್ಗಿಸಿ ಕಳಿಸುವಾಗ ಕ್ಯಾಮೆರಾ ಎಷ್ಟು ಡೇಟಾ ಉಳಿಸಿಕೊಳ್ಳುತ್ತದೆ ಎಂಬುದೂ ಮುಖ್ಯ. ಅಗ್ಗದ ಕ್ಯಾಮೆರಾಗಳು ಜಾಗ ಮತ್ತು ಇಂಟರ್ನೆಟ್ ಉಳಿಸಲು ಚಿತ್ರವನ್ನು ಚೆನ್ನಾಗಿಯೇ ಹಿಂಡುತ್ತವೆ. ನಿಂತ ಮನುಷ್ಯ ಸ್ಪಷ್ಟವಾಗಿ ಕಾಣುತ್ತಾನೆ, ಓಡುವವನು ಬಣ್ಣ ಕಲಸಿದಂತೆ ಕಾಣುತ್ತಾನೆ. ಕಳ್ಳ ನಿಂತು ಪೋಸು ಕೊಡುವುದಿಲ್ಲವಲ್ಲ!

ರಾತ್ರಿಯ ಕಥೆ ಬೇರೆ. ಕತ್ತಲಾದ ಮೇಲೆ ಕ್ಯಾಮೆರಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಕಪ್ಪುಬಿಳುಪಿನಲ್ಲಿ ನೋಡುತ್ತದೆ. ಮನೆಯೊಳಗಿನಿಂದ ಕಿಟಕಿಯ ಗಾಜಿನ ಮೂಲಕ ಅಂಗಳ ಕಾಣಲಿ ಎಂದು ಇಟ್ಟರೆ ಆ ಬೆಳಕು ಗಾಜಿಗೆ ಬಡಿದು ವಾಪಸ್ ಬರುತ್ತದೆ. ಇಡೀ ರಾತ್ರಿ ರೆಕಾರ್ಡ್ ಆಗುವುದು ಒಂದು ಬಿಳಿ ಮಬ್ಬು. ಹೊರಗೆ ಹಾಕಿದರೆ ಆ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಲೆನ್ಸಿನ ಎದುರಿಗೇ ಬಲೆ ಕಟ್ಟುತ್ತದೆ. ‘ನೈಟ್ ವಿಷನ್ 10 ಮೀಟರ್’ ಎಂದು ಬರೆದಿದ್ದರೆ ಅಷ್ಟು ದೂರದಲ್ಲಿ ಯಾರೋ ಇದ್ದಾರೆ ಎಂದು ತಿಳಿಯಬಹುದು. ಯಾರು ಎಂದು ಗುರುತಿಸುವುದು ಬೇರೆ ಮಾತು.

ಇನ್ನು ‘360 ಡಿಗ್ರಿ’. ಇದನ್ನು ಓದಿದ ನಮ್ಮ ಅತ್ತೆ ನಾಲ್ಕೂ ದಿಕ್ಕು ಒಟ್ಟಿಗೆ ಕಾಣುತ್ತದೆ ಎಂದುಕೊಂಡಿದ್ದರು. ಹಾಗೆ ಅಂದುಕೊಳ್ಳುವಂತೆಯೇ ಜಾಹೀರಾತು ಇರುತ್ತದೆ. ಆದರೆ ಈ ಕ್ಯಾಮೆರಾ ಕತ್ತು ತಿರುಗಿಸುತ್ತದೆ ಅಷ್ಟೆ. ಬಾಗಿಲ ಕಡೆ ನೋಡುವಾಗ ಹಿತ್ತಿಲು ಕಾಣದು, ಹಿತ್ತಿಲ ಕಡೆ ತಿರುಗಿದಾಗ ಬಾಗಿಲು ಕಾಣದು.

ಗ್ರಾಹಕರ ರಿವ್ಯೂ ಓದಿ ತಿಳಿಯೋಣವೆಂದರೆ ಅಲ್ಲೂ ಪೂರ್ತಿ ನಂಬುವಂತಿಲ್ಲ. ಐದು ನಕ್ಷತ್ರ ಕೊಟ್ಟವರಲ್ಲಿ ಬಹಳಷ್ಟು ಮಂದಿ ಪೆಟ್ಟಿಗೆ ಒಡೆದ ದಿನವೇ ಬರೆದಿರುತ್ತಾರೆ. ಕ್ಯಾಮೆರಾದ ಗುಣ ಗೊತ್ತಾಗುವುದು ಮೂರನೇ ತಿಂಗಳಿಗೆ. ಸುಳ್ಳು ರಿವ್ಯೂಗಳ ಹಾವಳಿ ತಡೆಯಲೆಂದೇ ಬಿಐಎಸ್ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನದಂಡ ತಂದಿತು. ಅಂಥ ಮಾನದಂಡ ಬೇಕಾಯಿತು ಎನ್ನುವುದೇ ಪರಿಸ್ಥಿತಿ ಹೇಗಿತ್ತೆಂದು ಹೇಳುತ್ತದೆ. ನಾನಂತೂ ಎರಡು-ಮೂರು ನಕ್ಷತ್ರದ ರಿವ್ಯೂಗಳನ್ನು ಮೊದಲು ಓದುತ್ತೇನೆ. ಆರು ತಿಂಗಳು ಬಳಸಿ ಬೇಸತ್ತು ಬರೆದವರು ಸಿಗುವುದು ಅಲ್ಲೇ.

ವೈಫೈ ಎಂಬ ಹೊಸ್ತಿಲು

ಡಬ್ಬಿ ತೆರೆದು, ಪ್ಲಗ್ ಹಾಕಿ, ಆ್ಯಪ್ ಇಳಿಸಿ, ಕ್ಯೂಆರ್ ಕೋಡ್ ತೋರಿಸಿದ ಮೇಲೆ ‘ಕನೆಕ್ಟಿಂಗ್’ ಎಂಬ ಚಕ್ರ ತಿರುಗುತ್ತಲೇ ಇರುವುದು ಬಹುತೇಕರ ಮೊದಲ ಅನುಭವ. ಇದಕ್ಕೆ ಸಾಮಾನ್ಯ ಕಾರಣ ಒಂದಿದೆ. ಈಗಿನ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ವೈಫೈ ಕೊಡುತ್ತವೆ. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳಿಗೆ ಗೊತ್ತಿರುವುದು 2.4 ಮಾತ್ರ. ರೌಟರ್ ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡಿದ್ದರೆ, ಫೋನು 5ರಲ್ಲಿದ್ದರೆ ಜೋಡಣೆ ಮುಗ್ಗರಿಸುತ್ತದೆ. ರೌಟರ್ ಸೆಟ್ಟಿಂಗ್‌ನಲ್ಲಿ ಎರಡು ಬ್ಯಾಂಡ್‌ಗಳಿಗೂ ಬೇರೆ ಬೇರೆ ಹೆಸರು ಕೊಟ್ಟು, ಫೋನನ್ನು 2.4ಕ್ಕೆ ಸೇರಿಸಿ ಪ್ರಯತ್ನಿಸಿದರೆ ಎಷ್ಟೋ ಸಲ ಎರಡೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಒಂದು ಸಾಲಿನ ಈ ವಿಷಯವನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ್ದರೆ ಎಷ್ಟು ಕ್ಯಾಮೆರಾಗಳು ‘ಡಿಫೆಕ್ಟಿವ್’ ಎಂಬ ಹಣೆಪಟ್ಟಿ ಹೊತ್ತು ವಾಪಸ್ ಹೋಗುವುದು ತಪ್ಪುತ್ತಿತ್ತೋ.

ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿರುವ ದೊಡ್ಡಪ್ಪನ ಮನೆಯದ್ದು ಇನ್ನೊಂದು ಸಮಸ್ಯೆ. ಮನೆಗೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ. ರೌಟರ್ ನಡುಮನೆಯಲ್ಲಿ, ಅಡಿಕೆ ಒಣಹಾಕುವುದು ಮನೆಯ ಎದುರಿನ ಅಂಗಳದಲ್ಲಿ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈಗೆ ಉಸಿರು ಕಟ್ಟುತ್ತದೆ. ಕೊನೆಗೆ ವೈರ್ ಎಳೆದು ಜಗಲಿಯಲ್ಲಿ ಇನ್ನೊಂದು ಸಣ್ಣ ರೌಟರ್ ಇಡಬೇಕಾಯಿತು. ಕ್ಯಾಮೆರಾದ ಬೆಲೆಯಷ್ಟೇ ಅದಕ್ಕೂ ಆಯಿತು. ‘ಒಂದೂವರೆ ಸಾವಿರ ಅಂದಿದ್ದೆಯಲ್ಲ’ ಎಂದು ದೊಡ್ಡಪ್ಪ ನನ್ನ ಮುಖ ನೋಡಿದರು. ಹಾಗೆಂದದ್ದು ಜಾಹೀರಾತು, ನಾನಲ್ಲ!

ವೈಫೈ ಇಲ್ಲದ ಕಡೆ ಫೋನಿನ ಹಾಟ್‌ಸ್ಪಾಟ್ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಒಂದು ತಾಸು ಲೈವ್ ನೋಡಿದರೆ 450 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಮೂರು ತಾಸು ಮತ್ತಿಷ್ಟು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸಿಮ್ ಹಾಕುವ 4ಜಿ ಕ್ಯಾಮೆರಾಗಳೂ ಇವೆ. ಅವಕ್ಕೆ ಬೆಲೆ ಹೆಚ್ಚು, ತಿಂಗಳ ರೀಚಾರ್ಜ್ ಬೇರೆ. ತೋಟದ ಮನೆಗೆ ಅದೇ ದಾರಿ ಇರಬಹುದು, ಆದರೆ ಆ ಖರ್ಚೂ ಮೊದಲೇ ಗೊತ್ತಿರಬೇಕು.

ಕಾರ್ಡಿನ ಕರಾಮತ್ತು

ಅದೇ ಲೆಕ್ಕವನ್ನು ಮುಂದುವರಿಸಿದರೆ ದಿನವಿಡೀ ರೆಕಾರ್ಡ್ ಮಾಡಲು ಸುಮಾರು 10.8 ಜಿಬಿ ಬೇಕು. 32 ಜಿಬಿಯ ಕಾರ್ಡ್ ಮೂರು ದಿನಕ್ಕೂ ಸಾಲದು. 64 ಜಿಬಿಯದ್ದು ಐದೂವರೆ ದಿನ ಬಂದೀತು. ಚಿತ್ರದ ಗುಣಮಟ್ಟ ಹೆಚ್ಚಿಸಿದರೆ ದಿನಗಳು ಇನ್ನೂ ಕಡಿಮೆ. ಕಾರ್ಡ್ ತುಂಬಿದ ಮೇಲೆ ಹಳೆಯದು ಅಳಿಸಿ ಹೊಸದು ಬರೆಯುತ್ತದೆ. ಹತ್ತು ದಿನ ಊರಿಗೆ ಹೋಗಿ ಬಂದವರಿಗೆ ಮೊದಲ ದಿನ ಏನಾಯಿತೆಂದು ನೋಡಲು ಸಿಗುವುದಿಲ್ಲ. ಅಂಥವರು ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಆಯ್ಕೆ ಹಾಕಿಕೊಳ್ಳಬೇಕು.

64 ಜಿಬಿ ಕಾರ್ಡ್ ಹೀಗೆ ವರ್ಷಕ್ಕೆ ಅರವತ್ತಕ್ಕಿಂತ ಹೆಚ್ಚು ಬಾರಿ ಪೂರ್ತಿಯಾಗಿ ಅಳಿದು ಬರೆಯಲ್ಪಡುತ್ತದೆ. ಫೋಟೊ ಇಟ್ಟುಕೊಳ್ಳಲೆಂದು ಮಾಡಿದ ಮಾಮೂಲಿ ಕಾರ್ಡಿಗೆ ಇಷ್ಟು ದುಡಿಮೆ ಒಗ್ಗುವುದಿಲ್ಲ. ಇದಕ್ಕೆಂದೇ ‘ಹೈ ಎಂಡ್ಯೂರೆನ್ಸ್’ ಎಂಬ ಕಾರ್ಡುಗಳು ಸಿಗುತ್ತವೆ. ಬೆಲೆ ಸ್ವಲ್ಪ ಹೆಚ್ಚು, ಬಾಳಿಕೆಯೂ ಹೆಚ್ಚು. ಇನ್ನು ಸಂತೆ ಬೆಲೆಗೆ ಸಿಗುವ ನಕಲಿ ಕಾರ್ಡುಗಳಿವೆ. ಮೇಲೆ 128 ಎಂದು ಬರೆದಿರುತ್ತದೆ, ಒಳಗೆ ಅದರ ಕಾಲು ಭಾಗವೂ ಇರುವುದಿಲ್ಲ. ಕಂಪ್ಯೂಟರಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿದರೆ ಬಣ್ಣ ಬಯಲಾಗುತ್ತದೆ. ಹೊಸ ಕಾರ್ಡ್ ತಂದ ದಿನವೇ ಇದನ್ನು ಮಾಡಿದರೆ ವಾಪಸ್ ಕೊಡಲು ಸಮಯವಿರುತ್ತದೆ.

ಕಾರ್ಡ್ ಕೈಕೊಟ್ಟರೆ ಏನಾಗುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ದೊಡ್ಡಪ್ಪನ ಪಕ್ಕದ ಮನೆಯವರ ಅಂಗಳದಿಂದ ಒಂದು ಚಳಿಗಾಲದ ರಾತ್ರಿ ಎರಡು ಚೀಲ ಒಣಗಿದ ಅಡಿಕೆ ಹೋಯಿತು. ಆ ಮನೆಯ ಹುಡುಗ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಾನೆ. ಎರಡು ಚೀಲ ಅಡಿಕೆ ಎಂದರೆ ಅವನ ಫೀಸು, ಹಾಸ್ಟೆಲಿನ ಖರ್ಚು ಎಲ್ಲ ಅದರಲ್ಲೇ. ಕ್ಯಾಮೆರಾ ಹಾಕಿಸಿ ಇನ್ನೂ ಆರು ತಿಂಗಳಾಗಿರಲಿಲ್ಲ. ಬೆಳಿಗ್ಗೆ ಪೊಲೀಸರು ಬಂದು ಮೊದಲು ಕೇಳಿದ್ದೇ ‘ಫೂಟೇಜ್ ಇದೆಯಾ?’ ಎಂದು. ಆ್ಯಪಿನಲ್ಲಿ ರೆಕಾರ್ಡಿಂಗ್‌ನ ಕೆಂಪು ಚುಕ್ಕಿ ಠೀವಿಯಿಂದ ಮಿನುಗುತ್ತಿತ್ತು. ಕಾರ್ಡ್ ತೆರೆದರೆ ಕೊನೆಯ ವಿಡಿಯೊ ಹತ್ತೊಂಬತ್ತು ದಿನ ಹಿಂದಿನದು. ಕಾರ್ಡ್ ಎಂದೋ ಕೆಟ್ಟಿತ್ತು. ಕ್ಯಾಮೆರಾ ಒಂದು ಮಾತು ಹೇಳಿರಲಿಲ್ಲ.

ಕಸ್ಟಮರ್ ಕೇರ್‌ಗೆ ಕರೆ ಮಾಡಿದರೆ ‘ಕಾರ್ಡ್ ನಾವು ಕೊಟ್ಟದ್ದಲ್ಲ ಸರ್’ ಎಂಬ ಉತ್ತರ. ಕಾರ್ಡ್ ಮಾರಿದವರು ‘ಕ್ಯಾಮೆರಾದ್ದೇ ದೋಷ’ ಎಂದರು. ಇಬ್ಬರೂ ಒಬ್ಬರ ಮೇಲೊಬ್ಬರು ಹೇಳಿ ಕೈ ತೊಳೆದುಕೊಂಡರು. ಆ ಮನೆಯ ಅಮ್ಮ ಮಾತ್ರ ‘ನಾಯಿ ಸಾಕಿದ್ರೆ ಬೊಗಳಿಯಾದ್ರೂ ಬೊಗಳ್ತಿತ್ತು’ ಎಂದರು. ಅಂದಿನಿಂದ ನಾನು ಕ್ಯಾಮೆರಾ ಕೂರಿಸಿದ ಪ್ರತಿ ಮನೆಯವರಿಗೂ ಒಂದು ಕೆಲಸ ಹೇಳಿ ಬರುತ್ತೇನೆ. ಪ್ರತಿ ಭಾನುವಾರ ಹಿಂದಿನ ದಿನದ ಯಾವುದಾದರೂ ಒಂದು ತಾಸಿನ ವಿಡಿಯೊ ತೆರೆದು ನೋಡಿ. ತೆರೆದರೆ ಸರಿ, ಇಲ್ಲವಾದರೆ ಅಂದೇ ಫೋನ್ ಮಾಡಿ.

ಕರೆಂಟ್ ಹೋದರೆ ಕಣ್ಣೂ ಹೋಯಿತು

ಕಾರ್ಡ್ ಸರಿಯಿದ್ದರೂ ಕರೆಂಟ್ ಬೇಕಲ್ಲ? ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕತ್ತಲೆಯಲ್ಲಿ ಕೂರುವ ಊರುಗಳು ನಮ್ಮವು. ಗೋಡೆಗೆ ಸಿಕ್ಕಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಮನೆಗೆ ಇನ್ವರ್ಟರ್ ಇದ್ದರೂ ರೌಟರ್ ಮತ್ತು ಕ್ಯಾಮೆರಾ ಎರಡರ ಪ್ಲಗ್ಗೂ ಇನ್ವರ್ಟರ್ ಲೈನಿನಲ್ಲಿ ಇರಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಇದ್ದೂ ಪ್ರಯೋಜನ ಅರ್ಧವೇ. ಇನ್ವರ್ಟರ್ ಇಲ್ಲದವರಿಗೆ ರೌಟರಿನ ಸಣ್ಣ ಯುಪಿಎಸ್ ಸಿಗುತ್ತದೆ. ಕ್ಯಾಮೆರಾ 5 ವೋಲ್ಟಿನಲ್ಲಿ ನಡೆಯುವಂಥದ್ದಾದರೆ ಅದಕ್ಕೂ ಕರೆಂಟ್ ಕೊಡುವ ಯುಪಿಎಸ್‌ಗಳಿವೆ. ಈ ಖರ್ಚೂ ಪೆಟ್ಟಿಗೆಯ ಮೇಲಿನ ಬೆಲೆಯಲ್ಲಿ ಸೇರಿಲ್ಲ.

ಹೊರಗೆ ಹಾಕುವವರು ‘ಐಪಿ’ ಅಂಕಿ ನೋಡಲೇಬೇಕು. ಐಪಿ65, ಐಪಿ66 ಎಂದು ಬರೆದಿರುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಆ ಅಂಕಿಯೇ ಇಲ್ಲದ, ಮನೆಯೊಳಗೆ ಬಳಸಲು ಮಾಡಿದ ಕ್ಯಾಮೆರಾವನ್ನು ಸೂರಿನ ಕೆಳಗೆ ತಾನೇ ಎಂದು ಹೊರಗೆ ಇಟ್ಟರೆ ಆಷಾಢದ ಇರುಚಲಿಗೆ ಅದರ ಆಯಸ್ಸು ಮುಗಿಯುತ್ತದೆ. ನೀರು ಹೋದದ್ದಕ್ಕೆ ವಾರಂಟಿಯೂ ಸಿಗುವುದಿಲ್ಲ.

‘ಯಾರೋ ಬಂದಿದ್ದಾರೆ!’

ಎಲ್ಲ ಸರಿಯಾಗಿ ನಡೆಯಿತು ಎನ್ನಿ. ಆಗ ಶುರುವಾಗುವುದು ನೋಟಿಫಿಕೇಷನ್ ಕಾಟ. ಅಗ್ಗದ ಕ್ಯಾಮೆರಾಗಳಲ್ಲಿ ಹಲವು, ಚಿತ್ರದ ಚುಕ್ಕಿಗಳು ಬದಲಾದರೆ ಸಾಕು, ‘ಚಲನೆ ಕಂಡಿದೆ’ ಎಂದು ಕೂಗುತ್ತವೆ. ಹಲ್ಲಿ ಹರಿದರೆ ಎಚ್ಚರಿಕೆ, ಪರದೆ ಅಲುಗಿದರೆ ಎಚ್ಚರಿಕೆ, ಮಳೆ ಬಂದರೆ ಸೆಕೆಂಡಿಗೊಂದು ಎಚ್ಚರಿಕೆ. ಬೆಂಗಳೂರಿನ ಆಫೀಸಿನಲ್ಲಿ ಕುಳಿತ ಮಗ ಮೊದಲ ವಾರ ಪ್ರತಿ ಸಲ ಬೆಚ್ಚಿ ನೋಡುತ್ತಾನೆ. ಎರಡನೇ ವಾರ ಬೈಯುತ್ತಾನೆ. ಮೂರನೇ ವಾರ ನೋಟಿಫಿಕೇಷನ್ ಆಫ್ ಮಾಡುತ್ತಾನೆ. ನಿಜವಾದ ಕಳ್ಳ ನಾಲ್ಕನೇ ವಾರ ಬಂದರೆ?

ಮನುಷ್ಯರನ್ನು ಮಾತ್ರ ಗುರುತಿಸಿ ಎಚ್ಚರಿಸುವ ಸೌಲಭ್ಯ ಇದೆ. ಆದರೆ ಕೆಲವು ಕಂಪನಿಗಳು ಅದನ್ನು, ಜತೆಗೆ ವಿಡಿಯೊವನ್ನು ಸರ್ವರಿನಲ್ಲಿ ಉಳಿಸುವ ಕ್ಲೌಡ್ ಸೌಲಭ್ಯವನ್ನು ಮೊದಲ ಕೆಲವು ದಿನ ಉಚಿತವಾಗಿ ಕೊಟ್ಟು, ರುಚಿ ಹತ್ತಿದ ಮೇಲೆ ತಿಂಗಳ ಚಂದಾ ಕೇಳುತ್ತವೆ. ಬೇಡವೆನ್ನುವ ಬಟನ್ ಎಲ್ಲಿದೆ ಎಂದು ಹುಡುಕುವುದೇ ಒಂದು ಸ್ಪರ್ಧಾತ್ಮಕ ಪರೀಕ್ಷೆ. ಗ್ರಾಹಕರನ್ನು ಹೀಗೆ ಸಿಕ್ಕಿಸುವ ತಂತ್ರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಚಂದಾ ರದ್ದು ಮಾಡಲಾಗದಂತೆ ಸಿಕ್ಕಿಸುವುದು, ಮೊದಲು ಒಂದು ಬೆಲೆ ತೋರಿಸಿ ಆಮೇಲೆ ಹೆಚ್ಚಿಸುವುದು ಎರಡೂ ಆ ಪಟ್ಟಿಯಲ್ಲಿವೆ.

ನಾವು ನೋಡುತ್ತೇವೆ, ನಮ್ಮನ್ನು ಯಾರು?

ಈವರೆಗೆ ಹೇಳಿದ್ದೆಲ್ಲ ದುಡ್ಡು ಮತ್ತು ನೆಮ್ಮದಿಯ ವಿಷಯ. ಇದಕ್ಕಿಂತ ಗಂಭೀರವಾದ ಇನ್ನೊಂದಿದೆ. ಕ್ಯಾಮೆರಾದ ದೃಶ್ಯ ನಮ್ಮ ಫೋನಿಗೆ ಬರಲು ಸಾಮಾನ್ಯವಾಗಿ ಕಂಪನಿಯ ಸರ್ವರ್ ಮಧ್ಯಸ್ಥಿಕೆ ವಹಿಸುತ್ತದೆ. ಆ ಬಾಗಿಲು ಭದ್ರವಾಗಿಲ್ಲದಿದ್ದರೆ? 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಕಾರ್ಖಾನೆಯಲ್ಲೇ ಇಟ್ಟ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಹುಡುಕಿ ವಶಪಡಿಸಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅವುಗಳ ಸೈನ್ಯದಿಂದ ಡಿನ್ ಎಂಬ ಕಂಪನಿಯ ಮೇಲೆ ದಾಳಿ ನಡೆಸಿದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ತೆರೆಯದಾದವು. ಯಾರದ್ದೋ ಮನೆ ಕಾಯಲು ಇಟ್ಟ ಕ್ಯಾಮೆರಾ ಅವರಿಗೇ ತಿಳಿಯದೆ ಈ ದಾಳಿಯಲ್ಲಿ ಸೇರಿತ್ತು. 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲೇ ಅಗ್ಗದ ಕ್ಯಾಮೆರಾಗಳಿಗೆ ಹೆಸರಾದ ವೈಜ್ ಕಂಪನಿಯ ಸುಮಾರು 13,000 ಬಳಕೆದಾರರ ಆ್ಯಪಿನಲ್ಲಿ ಬೇರೆಯವರ ಮನೆಯ ಚಿತ್ರಗಳು ಕಾಣಿಸಿಕೊಂಡವು.

ನಮ್ಮಲ್ಲೂ ಸರ್ಕಾರ ಎಚ್ಚೆತ್ತಿದೆ. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ ಸಿಸಿಟಿವಿ ಕ್ಯಾಮೆರಾಗಳು ಸೈಬರ್ ಸುರಕ್ಷತೆಯ ಪರೀಕ್ಷೆ ದಾಟಬೇಕು. 2025ರ ಏಪ್ರಿಲ್ 9ರಿಂದ ಇದು ಜಾರಿಗೆ ಬಂತು. ಕ್ಯಾಮೆರಾದ ಮೇಲಿರುವ, ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಹೆಸರೇ ಕೇಳದ ಬ್ರ್ಯಾಂಡಿನ ಮೋಹಕ ಬೆಲೆಗೆ ಮರುಳಾಗುವ ಮುನ್ನ ಈ ಎರಡು ನಿಮಿಷ ಖರ್ಚು ಮಾಡಬಹುದು. ಮನೆಗೆ ಬಂದ ಮೇಲೆ ಪಾಸ್‌ವರ್ಡ್ ಬದಲಿಸುವುದು, ಎರಡು ಹಂತದ ಲಾಗಿನ್ ಇದ್ದರೆ ಹಾಕುವುದು, ಆ್ಯಪ್ ಅಪ್‌ಡೇಟ್ ಮಾಡುವುದು ನಮ್ಮ ಪಾಲಿನ ಕೆಲಸ.

ಅಮ್ಮನನ್ನು ಕೇಳಿದಿರಾ?

ಕ್ಯಾಮೆರಾ ಹಾಕುವ ಉತ್ಸಾಹದಲ್ಲಿ ನಾವು ಯುವಕರು ಮರೆಯುವ ಪ್ರಶ್ನೆ ಇದು. ಸಾಗರದ ಬಳಿಯ ಒಂದು ಮನೆಯಲ್ಲಿ ಬೆಂಗಳೂರಿನ ಮಗ ಅಮ್ಮನ ಮೇಲಿನ ಕಾಳಜಿಯಿಂದಲೇ ನಡುಮನೆಗೆ ಕ್ಯಾಮೆರಾ ಹಾಕಿಸಿದ. ಎಂಟೇ ದಿನಕ್ಕೆ ಅದು ‘ಕೆಟ್ಟುಹೋಯಿತು’. ಹೋಗಿ ನೋಡಿದರೆ ಅದರ ಮೇಲೆ ಒಂದು ಟವೆಲ್ ಮಡಿಸಿ ಹಾಕಿತ್ತು. ‘ನಾನು ಊಟ ಮಾಡಿದ್ದು, ಮಲಗಿದ್ದು, ಯಾರ ಹತ್ತಿರ ಮಾತಾಡಿದ್ದು ಎಲ್ಲ ಅವನಿಗೆ ಕಾಣ್ತದೆ. ಸಂಜೆ ಫೋನ್ ಮಾಡಿ ಮಧ್ಯಾಹ್ನ ಯಾಕೆ ಅಷ್ಟು ಹೊತ್ತು ಮಲಗಿದ್ದೆ ಅಂತ ಕೇಳ್ತಾನೆ. ನಂಗೆ ಇದು ಬೇಡ’ ಎಂದರು ಆ ತಾಯಿ. ಕ್ಯಾಮೆರಾ ಬಂದ ಮೇಲೆ ಮಗನ ಫೋನಿನಲ್ಲಿ ಕ್ಷೇಮಸಮಾಚಾರ ಕಡಿಮೆಯಾಗಿ ತನಿಖೆ ಹೆಚ್ಚಾಗಿತ್ತು. ಅದನ್ನು ಅಂಗಳದ ಕಡೆಗೆ ತಿರುಗಿಸಿದ ಮೇಲೆ ಟವೆಲ್ ತನ್ನ ಜಾಗಕ್ಕೆ ಹೋಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂದೇ ಮನೆಯಲ್ಲಿದ್ದ ಸಹೋದರರ ವ್ಯಾಜ್ಯವೊಂದರಲ್ಲಿ, ಜತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಸಿಸಿಟಿವಿ ಹಾಕುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ಕಾನೂನು ಬಿಡಿ, ಅಮ್ಮನನ್ನು ಒಂದು ಮಾತು ಕೇಳಲು ಕೋರ್ಟಿನ ತೀರ್ಪು ಬೇಕೇ? ಪಕ್ಕದ ಮನೆಯ ಬಾಗಿಲು, ಬಚ್ಚಲು, ಬಾವಿಕಟ್ಟೆ ನಮ್ಮ ಕ್ಯಾಮೆರಾದಲ್ಲಿ ಕಾಣುತ್ತಿದ್ದರೆ ಅದನ್ನೂ ತಿರುಗಿಸಬೇಕು.

ಕೈಕೊಟ್ಟರೆ ಸುಮ್ಮನಿರಬೇಡಿ

‘ಒಂದೂವರೆ ಸಾವಿರದ ವಸ್ತು, ಯಾರು ಅಲೆಯುತ್ತಾರೆ’ ಎಂದು ಬಿಡುವವರೇ ಹೆಚ್ಚು. ಮಾರುವವರಿಗೆ ಬೇಕಿರುವುದೂ ಅದೇ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮ ಕೈಯಲ್ಲಿದೆ. 2020ರ ಇ-ಕಾಮರ್ಸ್ ನಿಯಮಗಳಂತೆ ಆನ್‌ಲೈನ್ ಅಂಗಡಿಯ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ಖಚಿತಪಡಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ದಿಲ್ಲಿಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಇದಕ್ಕೆ ಬೇಕಾದ ದಾಖಲೆಗಳನ್ನು ಮೊದಲ ದಿನವೇ ಎತ್ತಿಡಿ. ಬಿಲ್, ಉತ್ಪನ್ನದ ಪುಟದ ಸ್ಕ್ರೀನ್‌ಶಾಟ್, ಪೆಟ್ಟಿಗೆ ತೆರೆಯುವ ವಿಡಿಯೊ. ಕಸ್ಟಮರ್ ಕೇರ್ ಜತೆ ಫೋನಿನಲ್ಲಿ ಎಷ್ಟು ಮಾತಾಡಿದರೂ ಕೊನೆಗೊಂದು ಇಮೇಲ್ ಹಾಕಿ. ರಿಟರ್ನ್ ದಿನಗಳು ಮುಗಿದ ತಕ್ಷಣ ನಮ್ಮ ಹಕ್ಕೂ ಮುಗಿಯಿತು ಎಂದು ಅವರು ಹೇಳಿದರೆ ಒಪ್ಪಬೇಡಿ, ವಾರಂಟಿ ಇರುವುದು ಅದಕ್ಕೇ.

ದುಡ್ಡು ಕೊಡುವ ಮುನ್ನ

ನಾನೀಗ ಯಾರಾದರೂ ಕ್ಯಾಮೆರಾ ಕೇಳಿದರೆ ಮೊದಲು ಈ ಪ್ರಶ್ನೆಗಳನ್ನು ಕೇಳುತ್ತೇನೆ. ನೀವೂ ಬರೆದಿಟ್ಟುಕೊಳ್ಳಬಹುದು.

1. ಏನನ್ನು ನೋಡಬೇಕು? ಬಾಗಿಲಿಗೆ ಬಂದವರ ಮುಖವೋ, ಇಡೀ ಅಂಗಳವೋ? ಎರಡನ್ನೂ ಒಂದೇ ಅಗ್ಗದ ಕ್ಯಾಮೆರಾ ಚೆನ್ನಾಗಿ ತೋರಿಸದು.

2. ಕ್ಯಾಮೆರಾ ಇಡುವ ಜಾಗದಲ್ಲಿ ಫೋನ್ ಹಿಡಿದು ನಿಂತರೆ 2.4ರ ವೈಫೈ ಚೆನ್ನಾಗಿ ಸಿಗುತ್ತದೆಯೇ?

3. ಕರೆಂಟ್ ಹೋದರೆ ಏನು?

4. ಚಂದಾ ಕಟ್ಟದೆ, ಬರೀ ಕಾರ್ಡಿನಲ್ಲಿ ಎಲ್ಲ ಕೆಲಸ ಆಗುತ್ತದೆಯೇ?

5. ಆನ್‌ವಿಫ್ ಅಥವಾ ಆರ್‌ಟಿಎಸ್‌ಪಿ ಸೌಲಭ್ಯ ಇದೆಯೇ? ಇದ್ದರೆ ಕಂಪನಿ ಆ್ಯಪ್ ನಿಲ್ಲಿಸಿದರೂ ಬೇರೆ ತಂತ್ರಾಂಶದಿಂದ ಕ್ಯಾಮೆರಾ ಬಳಸಬಹುದು. ಇಲ್ಲದಿದ್ದರೆ ಕಂಪನಿ ಬಾಗಿಲು ಹಾಕಿದ ದಿನ ಅದು ಆಟಿಕೆ.

6. ಸರ್ವಿಸ್ ಸೆಂಟರ್ ನಮ್ಮ ಜಿಲ್ಲೆಯಲ್ಲಿದೆಯೇ, ಇಲ್ಲ ಕೊರಿಯರ್ ಮಾಡಬೇಕೇ?

7. ಮನೆಯಲ್ಲಿರುವವರು ಒಪ್ಪಿದ್ದಾರೆಯೇ?

ಕ್ಯಾಮೆರಾ, ಕಾರ್ಡ್, ವೈರು, ಯುಪಿಎಸ್ ಎಲ್ಲ ಕೂಡಿಸಿದರೆ ಒಂದೂವರೆ ಸಾವಿರ ಸುಲಭವಾಗಿ ಮೂರೂವರೆ-ನಾಲ್ಕು ಸಾವಿರವಾಗುತ್ತದೆ. ಆ ಮೊತ್ತ ಕೇಳಿದ ಮೇಲೂ ಬೇಕು ಎನ್ನುವವರಿಗೆ ಸಂತೋಷದಿಂದ ಹಾಕಿಕೊಡುತ್ತೇನೆ. ಬೇಡ ಎನ್ನುವವರಿಗೆ ಅಂಗಳಕ್ಕೆ, ಯಾರಾದರೂ ಬಂದರೆ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪ, ಹಿತ್ತಿಲ ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸಲು ಹೇಳುತ್ತೇನೆ. ಕೆಲವು ಮನೆಗಳಿಗೆ ಅಷ್ಟೇ ಸಾಕು.

ಮುಂದಿನ ಸಲ ಹಬ್ಬದ ಸೇಲ್‌ನಲ್ಲಿ ‘ಶೇ 70 ರಿಯಾಯಿತಿ’ಯ ಲಿಂಕ್ ಕಳಿಸಿ ‘ಇದನ್ನು ತಗೊಳ್ಳಲಾ?’ ಎಂದು ಅತ್ತೆಯೋ ಮಾವನೋ ಕೇಳಿದರೆ ಈ ಏಳು ಪ್ರಶ್ನೆಗಳನ್ನು ಅವರಿಗೇ ಕಳಿಸಿ. ನಾಲ್ಕಕ್ಕಾದರೂ ಉತ್ತರ ಬಂದ ಮೇಲೆ ಉಳಿದದ್ದಕ್ಕೆ ಜತೆಯಲ್ಲಿ ಕುಳಿತು ಉತ್ತರ ಹುಡುಕಿ. ಸಂಬಳವಿಲ್ಲದ ನಮ್ಮ ಹುದ್ದೆಯಲ್ಲಿ ಅಷ್ಟಾದರೂ ಅಧಿಕಾರ ಬೇಡವೇ?